ನೂರು ದನಿಗಳ ಪೆಟ್ಟಿಗೆ

ಕಳೆದ ತಿಂಗಳ ಒಂದು ಸಂಜೆ ನಮ್ಮ ಧರ್ಮಕೇಂದ್ರದ ಗಾಯನ ಮಂಡಳಿಯ ಯುವಕರು ಗುರುನಿವಾಸದ ಬಾಗಿಲಿಗೆ ಬಂದು ನಿಂತರು. ಅವರ ಕೈಯಲ್ಲಿ ಕಾಲಿನಿಂದ ಒತ್ತುವ ಗುಂಡಿಗಳುಳ್ಳ, ದಪ್ಪ ಬೈಬಲ್ ಗ್ರಂಥದಷ್ಟು ಗಾತ್ರದ ಒಂದು ಕಪ್ಪು ಪೆಟ್ಟಿಗೆಯಿತ್ತು. "ಫಾದರ್, ಇದು ಗಿಟಾರ್ ಮಾಡೆಲರ್. ಸ್ನೇಹಿತನಿಂದ ಒಂದು ವಾರದ ಮಟ್ಟಿಗೆ ತಂದಿದ್ದೇವೆ. ನೀವು ಒಮ್ಮೆ ಕೇಳಿ ನೋಡಿ. ಒಪ್ಪಿಗೆಯಾದರೆ ಹಳೆಯ ಆಂಪ್ಲಿಫೈಯರನ್ನು ಮಾರಿ ಇಂಥದ್ದೊಂದನ್ನು ಕೊಳ್ಳೋಣ" ಎಂದರು.

ಆ ಹಳೆಯ ಆಂಪ್ಲಿಫೈಯರ್ ಸಾಮಾನ್ಯ ವಸ್ತುವಲ್ಲ. ತಾರುಣ್ಯದಲ್ಲಿ ಮುಂಬಯಿಯ ಹೋಟೆಲುಗಳಲ್ಲಿ ಗಿಟಾರ್ ನುಡಿಸಿ ಸಂಸಾರ ಸಾಗಿಸಿದ ನಮ್ಮೂರಿನ ಹಿರಿಯರೊಬ್ಬರು ಊರಿಗೆ ಮರಳಿದಾಗ ದೇವಾಲಯಕ್ಕೆ ದಾನವಾಗಿ ನೀಡಿದ್ದದು. ಗಾಜಿನ ವಾಲ್ವ್‌ಗಳಿಂದ ಕೆಲಸ ಮಾಡುವ ಅದನ್ನು ಎತ್ತಲು ಇಬ್ಬರು ಬೇಕು. ಸ್ವಿಚ್ ಹಾಕಿದ ಮೇಲೆ ವಾಲ್ವ್‌ಗಳು ಕಾಯುವವರೆಗೆ ತಾಳ್ಮೆಯೂ ಬೇಕು. ವಾಲ್ವ್ ಸುಟ್ಟುಹೋದರೆ ಹೊಸತನ್ನು ಹುಡುಕುವುದೇ ಒಂದು ವ್ರತ. ಇಂದು ವಾಲ್ವ್‌ಗಳು ತಯಾರಾಗುವುದು ರಷ್ಯಾ, ಸ್ಲೊವಾಕಿಯಾ, ಚೀನಾ ಮುಂತಾದ ಕೆಲವೇ ದೇಶಗಳಲ್ಲಿ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಬಳಿಕ ಪೂರೈಕೆಗೆ ತೊಡಕುಂಟಾಗಿ ಬೆಲೆಯೂ ಏರಿತು. ಯುವಕರ ಬೇಡಿಕೆಯಲ್ಲಿ ನ್ಯಾಯವಿಲ್ಲವೆಂದು ಹೇಳುವಂತಿರಲಿಲ್ಲ. ಆದರೆ ಆ ಹಿರಿಯರ ಮನಸ್ಸನ್ನು ನೋಯಿಸುವ ಧೈರ್ಯವೂ ನನಗಿರಲಿಲ್ಲ. ಆದ್ದರಿಂದ ಅವರನ್ನೂ ಕರೆಸಿ, ಎಲ್ಲರೂ ಕೂಡಿ ಕೇಳಿಯೇ ತೀರ್ಮಾನಿಸೋಣ ಎಂದೆ.

ಈ ಯಂತ್ರದ ಕೆಲಸವನ್ನು ನಾನು ಅರ್ಥಮಾಡಿಕೊಂಡ ಬಗೆ ಹೀಗೆ. ವಿದ್ಯುತ್ ಗಿಟಾರಿನ ತಂತಿ ಕಂಪಿಸಿದಾಗ ಅದರ ಕೆಳಗಿರುವ ಅಯಸ್ಕಾಂತದ ಸುರುಳಿಯಲ್ಲಿ ಅತಿ ಕ್ಷೀಣವಾದ ವಿದ್ಯುತ್ ಹುಟ್ಟುತ್ತದೆ. ಅದಕ್ಕೆ ಬಲ ತುಂಬುವುದು ಆಂಪ್ಲಿಫೈಯರ್. ಬಲದ ಜೊತೆಗೆ ತನ್ನದೇ ಬಣ್ಣವನ್ನೂ ಅದು ಬಳಿಯುತ್ತದೆ. ಮಾಡೆಲರ್ ಆ ಕ್ಷೀಣ ವಿದ್ಯುತ್ತನ್ನು ಸೆಕೆಂಡಿಗೆ 48,000 ಬಾರಿಯಂತೆ ಅಳೆದು ಅಂಕಿಗಳಾಗಿ ಪರಿವರ್ತಿಸುತ್ತದೆ. ನಾವು ಆರಿಸಿದ ಆಂಪ್ಲಿಫೈಯರ್ ಅದನ್ನು ಹೇಗೆ ಬದಲಿಸುತ್ತಿತ್ತೆಂದು ಲೆಕ್ಕ ಹಾಕಿ, ಫಲವನ್ನು ಮತ್ತೆ ವಿದ್ಯುತ್ತಾಗಿಸಿ ಹೊರಗೆ ಕಳುಹಿಸುತ್ತದೆ. ಇದಕ್ಕೆಲ್ಲ ತಗಲುವ ಕಾಲ ಸೆಕೆಂಡಿನ ಸಾವಿರದಲ್ಲಿ ಕೆಲವೇ ಭಾಗ. ಶಬ್ದವು ಗಾಳಿಯಲ್ಲಿ ಒಂದು ಮೀಟರ್ ಸಾಗುವುದಕ್ಕೂ ಸಾವಿರದ ಮೂರು ಭಾಗದಷ್ಟು ಕಾಲ ಬೇಕು. ಸ್ಪೀಕರಿನಿಂದ ಒಂದೆರಡು ಹೆಜ್ಜೆ ಹಿಂದೆ ಸರಿದು ನಿಂತರೆ ಆಗುವಷ್ಟೇ ವಿಳಂಬ!

ಇದು ನಿನ್ನೆ ಮೊನ್ನೆಯ ಆವಿಷ್ಕಾರವಲ್ಲ. ಜಪಾನಿನ ರೋಲಂಡ್ ಸಂಸ್ಥೆ 1995ರಲ್ಲಿ ವಿಜಿ-8 ಎಂಬ ಯಂತ್ರವನ್ನು ಹೊರತಂದಿತು. 1998ರಲ್ಲಿ ಅಮೆರಿಕದ ಲೈನ್ 6 ಸಂಸ್ಥೆಯ ಪಾಡ್ ಎಂಬ ಕೆಂಪು ಪೆಟ್ಟಿಗೆ ಬಂದಿತು. 2011ರಲ್ಲಿ ಜರ್ಮನಿಯ ಕೆಂಪರ್ ಯಂತ್ರವು ಇನ್ನೊಂದು ದಾರಿ ಹಿಡಿದು, ನಿಜವಾದ ಆಂಪ್ಲಿಫೈಯರಿಗೆ ಪರೀಕ್ಷಾ ಧ್ವನಿಗಳನ್ನು ಕಳುಹಿಸಿ, ಅದು ಕೊಟ್ಟ ಉತ್ತರದಿಂದಲೇ ಅದರ ಗುಣವನ್ನು ಸೆರೆಹಿಡಿಯಿತು. ನನಗೆ ಮಾತ್ರ ಇದು ಮೊದಲ ಪರಿಚಯ. ಗುರುಮಠದಲ್ಲಿ ತಂತಿ ಸಡಿಲಿದ ಮರದ ಗಿಟಾರಿನ ಸುತ್ತ ಕುಳಿತು ಹಾಡಿದ ತಲೆಮಾರು ನಮ್ಮದು.

ನಾನೂ ಆ ಹಿರಿಯರೂ ಗಿಟಾರಿಗೆ ಬೆನ್ನು ಮಾಡಿ ಸಭಾಂಗಣದಲ್ಲಿ ಕುಳಿತೆವು. ಹಳೆಯ ಆಂಪ್ಲಿಫೈಯರಿನ ಮುಂದೆ ಮೈಕು ಇಟ್ಟು ಸಭಾಂಗಣದ ಸ್ಪೀಕರಿನಲ್ಲಿ ಒಮ್ಮೆ, ಹೊಸ ಪೆಟ್ಟಿಗೆಯಿಂದ ಅದೇ ಸ್ಪೀಕರಿನಲ್ಲಿ ಇನ್ನೊಮ್ಮೆ, ಹೀಗೆ ಹತ್ತು ಬಾರಿ ನುಡಿಸಿದರು. ಯಾವುದು ಯಾವುದೆಂದು ಹೇಳುವುದರಲ್ಲಿ ನಾನು ಆರು ಬಾರಿ ತಪ್ಪಿದೆ. ಹಿರಿಯರೂ ಮೂರು ಬಾರಿ ತಪ್ಪಿದರು. ಯುವಕರ ಮುಖ ಅರಳಿತು. ಹಿರಿಯರು ಮಾತ್ರ ತಲೆದೂಗುತ್ತಾ, "ಊಟದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದರಿಂದ ಹಸಿವು ಹೋಗುವುದಿಲ್ಲ, ಫಾದರ್" ಎಂದರು.

ತತ್ತ್ವಶಾಸ್ತ್ರದ ವಿದ್ಯಾರ್ಥಿಗೆ ಈ ಮಾತು ಹಳೆಯ ಪಾಠವನ್ನು ನೆನಪಿಸದಿರದು. ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದ ಹತ್ತನೆಯ ಭಾಗದಲ್ಲಿ ಮಂಚದ ದೃಷ್ಟಾಂತವನ್ನು ಕೊಡುತ್ತಾನೆ. ಮಂಚದ ಮೂಲಸ್ವರೂಪ ಒಂದು, ಬಡಗಿ ಮಾಡಿದ ಮಂಚ ಇನ್ನೊಂದು, ಚಿತ್ರಕಾರ ಬರೆದ ಮಂಚ ಮತ್ತೊಂದು. ಚಿತ್ರವು ಸತ್ಯದಿಂದ ಮೂರನೆಯ ಸ್ಥಾನದಲ್ಲಿದೆ ಎಂಬುದು ಅವನ ವಾದ. ಹಿರಿಯರ ಆಕ್ಷೇಪವೂ ಇದೇ ಅಲ್ಲವೇ? ಆದರೆ ಅವನ ಶಿಷ್ಯ ಅರಿಸ್ಟಾಟಲ್ ಬೇರೆ ದಾರಿ ಹಿಡಿದನು. ಅನುಕರಣೆ ಮನುಷ್ಯನಿಗೆ ಬಾಲ್ಯದಿಂದಲೇ ಸಹಜವಾದುದು, ಮನುಷ್ಯನ ಮೊದಲ ಕಲಿಕೆ ಅನುಕರಣೆಯಿಂದಲೇ ಎಂದು ಅವನು 'ಕಾವ್ಯಮೀಮಾಂಸೆ'ಯಲ್ಲಿ ಹೇಳುತ್ತಾನೆ.

ನಾನು ಅರಿಸ್ಟಾಟಲನ ಪಕ್ಷವನ್ನು ಹಿಡಿಯಲು ಕಾರಣವಿದೆ. ನಾವು 'ಮೂಲ'ವೆಂದು ಗೌರವಿಸುವ ಆಂಪ್ಲಿಫೈಯರುಗಳ ವಂಶಾವಳಿಯನ್ನೇ ನೋಡಿ. 1962ರ ಸುಮಾರಿಗೆ ಲಂಡನ್ನಿನ ಜಿಮ್ ಮಾರ್ಷಲ್ ಮತ್ತು ಅವರ ಸಂಗಡಿಗರು ತಯಾರಿಸಿದ ಮೊದಲ ಆಂಪ್ಲಿಫೈಯರ್, ಅಮೆರಿಕದ ಫೆಂಡರ್ ಬ್ಯಾಸ್‌ಮನ್ ಎಂಬುದರ ಮಾದರಿಯನ್ನೇ ಅನುಸರಿಸಿತ್ತು. ಆ ಅನುಕರಣೆಯೇ ಮುಂದೆ ಸ್ವಂತ ಹೆಸರು ಪಡೆದು, ಇಂದು ಇತರರಿಂದ ಅನುಕರಿಸಲ್ಪಡುತ್ತಿದೆ. ವಾದಕರು ಅಷ್ಟೊಂದು ಪ್ರೀತಿಸುವ ಒರಟು ದನಿಯಾದರೂ ಎಂಥದು? ವಾಲ್ವ್ ತನ್ನ ಶಕ್ತಿ ಮೀರಿ ದುಡಿದಾಗ ಹುಟ್ಟುವ ವಿಕಾರವದು; ಒಂದು ಕಾಲದಲ್ಲಿ ಎಂಜಿನಿಯರುಗಳು ದೋಷವೆಂದು ನಿವಾರಿಸಲು ಹೆಣಗಿದ್ದು. ಹೀಗಿರುವಾಗ ಹೊಸ ಪೆಟ್ಟಿಗೆಯನ್ನು ಮಾತ್ರ 'ಸುಳ್ಳು' ಎಂದು ಕರೆಯುವುದು ನ್ಯಾಯವಾಗದು. ಸುಳ್ಳೆಂದರೆ ವಂಚಿಸುವ ಉದ್ದೇಶದಿಂದ ಆಡುವ ಮಾತು. ತಾನು ಪ್ರತಿರೂಪವೆಂದು ತಾನೇ ಹೇಳಿಕೊಳ್ಳುವ ವಸ್ತು ಯಾರನ್ನು ವಂಚಿಸೀತು?

ಆದರೂ ಹಿರಿಯರ ಮಾತಿನಲ್ಲಿ ಸತ್ಯವಿರಲಿಲ್ಲವೆಂದಲ್ಲ. ಅವರು ನನ್ನನ್ನು ಕೈಹಿಡಿದು ಹಳೆಯ ಆಂಪ್ಲಿಫೈಯರಿನ ಮುಂದೆ ನಿಲ್ಲಿಸಿ ನುಡಿಸಿದರು. ಗಾಳಿ ಬಂದು ನನ್ನ ನಿಲುವಂಗಿಗೆ ತಟ್ಟಿತು, ಕಾಲಿನ ಕೆಳಗೆ ನೆಲ ಮಿಡಿಯಿತು. ಆಗ ಅರ್ಥವಾಯಿತು: ನಾವು ಸ್ಪೀಕರಿನಲ್ಲಿ ಕೇಳಿದ ಪೆಟ್ಟಿಗೆಯ ದನಿ ಅನುಕರಿಸುವುದು ಆಂಪ್ಲಿಫೈಯರಿನ ಎದುರು ನಿಂತವನ ಅನುಭವವನ್ನಲ್ಲ, ಅದರ ಮುಂದಿಟ್ಟ ಮೈಕು ಕೇಳಿದ ದನಿಯನ್ನು. ಜನರಿಗೆ ತಲಪುವುದು ಹೇಗೂ ಮೈಕಿನ ದನಿಯೇ ಆದ್ದರಿಂದ ಅವರಿಗೆ ನಷ್ಟವಿಲ್ಲ. ನಷ್ಟವೇನಾದರೂ ಆಗುವುದಿದ್ದರೆ ನುಡಿಸುವವನಿಗೆ.

ನಿಜವಾದ ತೊಡಕು ಕಾಣಿಸಿದ್ದು ಮರುದಿನ, ಭಾನುವಾರದ ಬಲಿಪೂಜೆಯಲ್ಲಿ. ಆ ಪೆಟ್ಟಿಗೆಯಲ್ಲಿ ನೂರಾರು ದನಿಗಳಿವೆ. ಪ್ರವೇಶ ಗೀತೆಗೆ ಒಂದು, ಕೀರ್ತನೆಗೆ ಇನ್ನೊಂದು, ಕಾಣಿಕೆ ಗೀತೆಗೆ ಮೂರು! ವಾದಕನ ಕಣ್ಣು ಪೀಠದ ಕಡೆಗಾಗಲಿ ಹಾಡುವವರ ಕಡೆಗಾಗಲಿ ಇರಲಿಲ್ಲ. ಅದು ಪುಟ್ಟ ಪರದೆಯ ಮೇಲೆಯೇ ನೆಟ್ಟಿತ್ತು. ಅದರಲ್ಲಿ 'ಕ್ಯಾಥೆಡ್ರಲ್' ಎಂಬ ಹೆಸರಿನ ಒಂದು ಪ್ರತಿಧ್ವನಿಯೂ ಇತ್ತು. ಎತ್ತರದ ಛಾವಣಿಯ ನಮ್ಮ ದೇವಾಲಯವೇ ಸಾಕಷ್ಟು ಪ್ರತಿಧ್ವನಿಸುತ್ತದೆ. ಅದರೊಳಗೆ ಇನ್ನೊಂದು ಕೃತಕ ದೇವಾಲಯವನ್ನು ಕಟ್ಟಿದಾಗ ಕೀರ್ತನೆಯ ಒಂದು ಪದವೂ ಯಾರಿಗೂ ತಿಳಿಯಲಿಲ್ಲ. ಪೂಜೆಯ ಬಳಿಕ ಅಜ್ಜಿಯೊಬ್ಬರು, "ಫಾದರ್, ಇವತ್ತು ಮಕ್ಕಳು ಯಾವ ಭಾಷೆಯಲ್ಲಿ ಹಾಡಿದರು?" ಎಂದು ಕೇಳಿದರು.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪ್ರಕಟಿಸಿದ ದೈವಾರಾಧನೆಯ ಕುರಿತ ದಸ್ತಾವೇಜು ಆರ್ಗನ್ ವಾದ್ಯಕ್ಕೆ ವಿಶೇಷ ಗೌರವ ನೀಡಿದರೂ ಇತರ ವಾದ್ಯಗಳಿಗೆ ಬಾಗಿಲು ಮುಚ್ಚಲಿಲ್ಲ. ಅವು ಆರಾಧನೆಗೆ ಒದಗುವಂತಿರಬೇಕು, ವಿಶ್ವಾಸಿಗಳಿಗೆ ನೆರವಾಗಬೇಕು ಎಂಬುದಷ್ಟೇ ಅದರ ಆಶಯ. ಈ ಅಳತೆಗೋಲಿನಿಂದ ನೋಡಿದರೆ ಯಂತ್ರ ಹಳೆಯದೇ ಹೊಸದೇ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಅದರ ಆಯ್ಕೆಗಳಿಗೆ ಮಿತಿ ಹಾಕುವವರು ಯಾರು ಎಂಬ ಪ್ರಶ್ನೆ ಮುಂದೆ ಬರುತ್ತದೆ. ಹಳೆಯ ಆಂಪ್ಲಿಫೈಯರಿಗೆ ಇದ್ದುದು ಒಂದೇ ದನಿ. ವಾದಕನು ಬದುಕಿಡೀ ಆ ಒಂದರೊಳಗೆ ಹುಡುಕಿ, ಬೆರಳಿನ ಬಲದಿಂದಲೇ ನೂರು ಭಾವಗಳನ್ನು ಹೊರಡಿಸುತ್ತಿದ್ದನು. ಈಗ ನೂರು ದನಿಗಳು ಸಿದ್ಧವಾಗಿ ದೊರೆಯುತ್ತವೆ. ಯಾವುದರೊಳಗೂ ಇಳಿದು ಹುಡುಕುವ ಅಗತ್ಯ ಕಾಣಿಸದು. ಸಮೃದ್ಧಿಯಲ್ಲಿ ಅಡಗಿರುವ ಬಡತನವೆಂದರೆ ಇದೇ.

ಆ ವಾರದ ಕೊನೆಗೆ ಹಿರಿಯರ ಕೈಗೇ ಗಿಟಾರನ್ನು ಕೊಟ್ಟು, ಹೊಸ ಪೆಟ್ಟಿಗೆಯ ಮೂಲಕ ನುಡಿಸುವಂತೆ ಕೇಳಿಕೊಂಡೆ. ಮೊದಲು ಒಲ್ಲೆನೆಂದರು, ಬಳಿಕ ನುಡಿಸಿದರು. ಇಪ್ಪತ್ತು ವರ್ಷಗಳಿಂದ ನಮ್ಮೂರಿನವರು ಕೇಳಿ ಬಲ್ಲ ಅವರ ದನಿಯೇ ಹೊರಟಿತು. ಯುವಕರು ಬೆರಗಾಗಿ, "ಅಂಕಲ್, ಇದರಲ್ಲಿ ಯಾವ ಸೆಟ್ಟಿಂಗ್ ಇಟ್ಟಿರಿ?" ಎಂದು ಕೇಳಿದರು. ಅವರು ಯಾವ ಗುಂಡಿಯನ್ನೂ ಮುಟ್ಟಿರಲಿಲ್ಲ.

ನಮ್ಮ ತೀರ್ಮಾನ ಇದು: ಮುಂದಿನ ಹಬ್ಬದೊಳಗೆ ವಂತಿಗೆ ಕೂಡಿಸಿ ಮಾಡೆಲರ್ ಕೊಳ್ಳುವುದು, ಹಳೆಯ ಆಂಪ್ಲಿಫೈಯರನ್ನು ಮಾರದೆ ಅಭ್ಯಾಸಕ್ಕೆ ಉಳಿಸಿಕೊಳ್ಳುವುದು, ಬಲಿಪೂಜೆಯಲ್ಲಿ ಒಂದು ವರ್ಷದವರೆಗೆ ಮೂರು ದನಿಗಳನ್ನಷ್ಟೇ ಬಳಸುವುದು. ಆ ಮೂರನ್ನು ಆರಿಸಿಕೊಡಲು ಹಿರಿಯರು ಒಪ್ಪಿದ್ದಾರೆ.

ಕೊನೆಯಲ್ಲಿ ತಂದೆತಾಯಿಯರಿಗೆ ಒಂದು ಮಾತು. ಮನೆಯ ಮಗನೋ ಮಗಳೋ ಇಂಥ ಯಂತ್ರ ಬೇಕೆಂದು ಕೇಳಿದರೆ ಕೂಡಲೇ ಗದರಿಸಬೇಡಿ. ಕೂಡಲೇ ಕೊಡಿಸಲೂ ಬೇಡಿ. ಮೊದಲು ಇರುವ ಗಿಟಾರಿನಲ್ಲಿ ಒಂದು ಹಾಡನ್ನು ಪೂರ್ತಿ ನುಡಿಸಲಿ. ಕೊಡಿಸಿದ ಮೇಲೆ ಇನ್ನೊಂದು ಕೆಲಸವಿದೆ. ಈ ಪೆಟ್ಟಿಗೆಗೆ ಹೆಡ್‌ಫೋನ್ ಸಿಕ್ಕಿಸಿ ಇರುಳಿಡೀ ನುಡಿಸಿದರೂ ನೆರೆಮನೆಗೆ ತೊಂದರೆಯಿಲ್ಲ. ಆದರೆ ಮಗು ಏನನ್ನು ಕಲಿಯಿತು, ಎಲ್ಲಿ ಎಡವಿತು ಎಂಬುದೂ ಮನೆಯವರಿಗೆ ಕೇಳಿಸುವುದಿಲ್ಲ. ಆದುದರಿಂದ ವಾರಕ್ಕೊಮ್ಮೆ, ರಾತ್ರಿಯ ಪ್ರಾರ್ಥನೆ ಮುಗಿದ ಮೇಲೆ, ಆ ಹೆಡ್‌ಫೋನನ್ನು ಕಳಚಿಸಿ ಮನೆಮಂದಿಯೆಲ್ಲ ಕುಳಿತು ಕೇಳಿರಿ. ತಪ್ಪುಗಳ ಸಹಿತವಾಗಿಯೇ ಕೇಳಿರಿ.