ಬಿಡಿಬಿಡಿಯಾದ ಬಿಸ್ಮಿಲ್ಲಾಹ್

ಮದುವೆಯ ಆಮಂತ್ರಣ ಪತ್ರಿಕೆಗಳಲ್ಲಿ, ಸಮ್ಮೇಳನಗಳ ಬ್ಯಾನರ್‌ಗಳಲ್ಲಿ ಕೆಲವೊಮ್ಮೆ ವಿಚಿತ್ರವಾದ ಅರಬಿ ಕಾಣಸಿಗುತ್ತದೆ. ಬರೆಯಲು ಹೊರಟದ್ದು ಬಿಸ್ಮಿಲ್ಲಾಹ್. ಆದರೆ ಕೈಕೈ ಹಿಡಿದು ನಿಲ್ಲಬೇಕಾದ ಅಕ್ಷರಗಳು ಬಿಡಿಬಿಡಿಯಾಗಿ ನಿಂತಿರುತ್ತವೆ. ಸಾಲದ್ದಕ್ಕೆ ಎಡದಿಂದ ಬಲಕ್ಕೆ ಸಾಗಿರುತ್ತವೆ. ಮುದ್ರಕರನ್ನು ಕೇಳಿದರೆ 'ನೀವು ಕೊಟ್ಟದ್ದನ್ನೇ ಹಾಕಿದ್ದೇವೆ' ಎನ್ನುತ್ತಾರೆ. ಅವರ ಮಾತು ಸುಳ್ಳೇನಲ್ಲ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಹಂಚಿರುವ ಯೂನಿಕೋಡ್ ವ್ಯವಸ್ಥೆಯಲ್ಲಿ ಅರಬಿಯ 'ಬಾ' ಅಕ್ಷರಕ್ಕೆ 1576 (ಇಲ್ಲಿ ಎಲ್ಲವನ್ನೂ ನಮ್ಮ ದಶಮಾನ ಲೆಕ್ಕದಲ್ಲೇ ಕೊಡುತ್ತಿದ್ದೇನೆ). 'ಬಾ' ಒಂಟಿಯಾಗಿದ್ದರೆ ಒಂದು ರೂಪ, ಪದದ ಆರಂಭದಲ್ಲಿ ಒಂದು, ನಡುವೆ ಒಂದು, ಕೊನೆಯಲ್ಲಿ ಇನ್ನೊಂದು ಎಂಬುದು ಮದ್ರಸಕ್ಕೆ ಹೋದ ಮಕ್ಕಳಿಗೆಲ್ಲ ಗೊತ್ತು. ಅಲಿಫ್, ದಾಲ್, ದಾಲ್‌ನ ತಮ್ಮನಂತಿರುವ ಝಾಲ್, ರಾ, ಝಾ, ವಾವ್ ಈ ಆರು ಮಾತ್ರ ಮುಂದಿನ ಅಕ್ಷರಕ್ಕೆ ಕೈ ಕೊಡುವುದಿಲ್ಲ. ಆದರೆ ರೂಪ ನಾಲ್ಕಾದರೂ ಸಂಖ್ಯೆ ಒಂದೇ. ಅಕ್ಕಪಕ್ಕ ಯಾರಿದ್ದಾರೆಂದು ನೋಡಿ ತಕ್ಕ ರೂಪವನ್ನು ಫಾಂಟ್‌ನಿಂದ ಆರಿಸಿಕೊಡುವುದು ಬೇರೆಯೇ ಒಂದು ತಂತ್ರಾಂಶದ ಕೆಲಸ. ವಿನ್ಯಾಸದ ತಂತ್ರಾಂಶದಲ್ಲಿ ಅದು ಇಲ್ಲದಿದ್ದರೆ, ಅಥವಾ ಇದ್ದೂ ಆನ್ ಮಾಡದಿದ್ದರೆ, ಎಲ್ಲವೂ ಒಂಟಿ ರೂಪದಲ್ಲೇ ಬಂದು ಕೂರುತ್ತವೆ.

ಕನ್ನಡಿಗರಿಗೆ ಇದು ಹೊಸತಲ್ಲ. ನಾವು ಒಂದೇ ಅಕ್ಷರವೆಂದುಕೊಳ್ಳುವ 'ಕ್ಷ'ದಲ್ಲಿ ಕ, ವಿರಾಮ ಚಿಹ್ನೆ, ಷ ಎಂದು ಮೂರು ಸಂಖ್ಯೆಗಳಿವೆ. ಒತ್ತಕ್ಷರವನ್ನು ಕೂಡಿಸುವುದು ತಂತ್ರಾಂಶ. ಅರಬಿಯ ಲಾಮ್-ಅಲಿಫ್ ಕೂಡ ಹಾಗೆಯೇ. ಕಾಣುವುದು ಒಂದು, ಒಳಗಿರುವುದು 1604 ಮತ್ತು 1575 ಎಂಬ ಎರಡು.

ಅಂದರೆ ಬ್ಯಾನರ್ ಮೇಲಿನ ಆ ಬಿಡಿಬಿಡಿ ಬಿಸ್ಮಿಲ್ಲಾಹ್ ಒಳಗಿನಿಂದ ಸರಿಯಾಗಿಯೇ ಇದ್ದಿರಬಹುದು. ನನಗೆ ಹೆಚ್ಚು ಆತಂಕ ಇರುವುದು ಇದಕ್ಕೆ ತದ್ವಿರುದ್ಧವಾದ ತಪ್ಪಿನ ಬಗ್ಗೆ. ಹೊರಗೆ ಸುಂದರವಾಗಿ ಕಂಡು ಒಳಗೆ ಕೆಟ್ಟಿರುವ ಬರಹ ಅದು.

ಹಳೆಯ ಕಾಲದ ತಂತ್ರಾಂಶಗಳ ಅನುಕೂಲಕ್ಕಾಗಿ ಯೂನಿಕೋಡ್‌ನಲ್ಲಿ ರೂಪಗಳಿಗೂ ಬೇರೆ ಸಂಖ್ಯೆಗಳನ್ನು ಉಳಿಸಿಕೊಂಡಿದ್ದಾರೆ. 'ಬಾ'ದ ನಾಲ್ಕು ರೂಪಗಳಿಗೆ 65167ರಿಂದ 65170ರವರೆಗೆ. ಆಪ್ ತಯಾರಿಸುವ ನಮ್ಮ ಹುಡುಗರು ಪರದೆಯಲ್ಲಿ ಅಕ್ಷರ ಕೂಡದಿದ್ದಾಗ ಪದವನ್ನು ಈ ರೂಪ ಸಂಖ್ಯೆಗಳಿಗೆ ಬದಲಾಯಿಸಿ, ತಿರುಗುಮುರುಗು ಮಾಡಿ ಹಾಕುತ್ತಾರೆ. ಕಣ್ಣಿಗೆ ಸರಿ ಕಾಣುತ್ತದೆ. ಹಾಗೆಯೇ ಉಳಿಸಿಯೂ ಬಿಡುತ್ತಾರೆ. ಮುಂದೆ ಯಾರಾದರೂ ಸಾಮಾನ್ಯ ಕೀಬೋರ್ಡ್‌ನಿಂದ 'ರಹ್ಮತ್' ಎಂದು ಹುಡುಕಿದರೆ ಆ ಪದ ಕಣ್ಣೆದುರು ಇದ್ದರೂ ಸಿಗುವುದಿಲ್ಲ. ರೂಪ ಬದಲಾಯಿಸಲೇಬೇಕಾದ ಸಂದರ್ಭ ಬಂದರೆ ಪರದೆಗೆ ಬರೆಯುವ ಕೊನೆಯ ಗಳಿಗೆಯಲ್ಲಿ ಮಾತ್ರ ಮಾಡಬೇಕು. ಕಡತದಲ್ಲಿ ಉಳಿಯಬೇಕಾದದ್ದು ಮೂಲ ಅಕ್ಷರ, ಅದೂ ಓದುವ ಕ್ರಮದಲ್ಲಿ.

ಪವಿತ್ರ ಕುರ್‌ಆನ್‌ನ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಮದೀನಾ ಮುಸ್‌ಹಫ್‌ನ 604 ಪುಟಗಳಿಗೆ 604 ಬೇರೆ ಬೇರೆ ಫಾಂಟ್‌ಗಳಿವೆ. ಅವುಗಳಲ್ಲಿ ಇಡೀ ಪದಕ್ಕೇ ಒಂದು ಸಂಖ್ಯೆ. ಪುಟ ಮುದ್ರಿತ ಪ್ರತಿಯಂತೆಯೇ ಕಾಣುತ್ತದೆ, ಓದಲು ಬಹಳ ಚೆನ್ನ. ಆದರೆ ಆ ಸಂಖ್ಯೆಗಳನ್ನು ಬೇರೆಡೆಗೆ ನಕಲು ಮಾಡಿದರೆ ಆಯತ್ ಇರುವುದಿಲ್ಲ, ಅರ್ಥವಿಲ್ಲದ ಗುರುತುಗಳಿರುತ್ತವೆ. ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಕಡತ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಏನಾಗುತ್ತಿತ್ತೋ ಅದೇ ಪಾಡು. ಹುಡುಕಲು, ಉದ್ಧರಿಸಲು ಬೇಕಾದದ್ದು ಅಕ್ಷರ ಅಕ್ಷರವಾಗಿ ಪರಿಶೀಲಿಸಿದ ಯೂನಿಕೋಡ್ ಪಠ್ಯ. 2007ರಲ್ಲಿ ಆರಂಭವಾದ 'ತನ್‌ಝೀಲ್' ಯೋಜನೆಯ ಉದ್ದೇಶವೇ ಅದಾಗಿತ್ತು.

ಹರಕತ್‌ಗಳಿಗೂ ತಮ್ಮದೇ ಸಂಖ್ಯೆಗಳಿವೆ. 'ಬಿಸ್ಮಿ' ಎಂಬುದರಲ್ಲಿ ನಾವು ಬಾ, ಸೀನ್, ಮೀಮ್ ಎಂದು ಮೂರು ಅಕ್ಷರ ಎಣಿಸುತ್ತೇವೆ. ಹರಕತ್ ಸಹಿತ ಬರೆದರೆ ಕಂಪ್ಯೂಟರ್ ಆರು ಎಣಿಸುತ್ತದೆ. ಹರಕತ್ ಇಲ್ಲದೆ ಹುಡುಕುವವನಿಗೂ ಉತ್ತರ ಸಿಗಬೇಕಾದರೆ, ಹುಡುಕುವಾಗ ಅವನ್ನು ಬದಿಗಿಡುವಂತೆ ಪ್ರೋಗ್ರಾಮ್ ಬರೆಯಬೇಕು.

ಪ್ರವಾದಿಯವರ(ಸ) ಹೆಸರಿನ ಮುಂದೆ ನಾವು ಕಂಸದಲ್ಲಿ 'ಸ' ಎಂದಷ್ಟೇ ಹಾಕುತ್ತೇವೆ. ಯೂನಿಕೋಡ್‌ನಲ್ಲಿ ಇಡೀ ಸ್ವಲಾತ್‌ಗೆ 65018 ಎಂಬ ಒಂದೇ ಸಂಖ್ಯೆ ಇದೆ. ನೋಡಲು ಚಂದ. ಆದರೆ ಪಠ್ಯವನ್ನು ಏಕರೂಪಕ್ಕೆ ತರುವ ಕೆಲವು ಕ್ರಮಗಳಲ್ಲಿ ಆ ಒಂದು ಚಿಹ್ನೆ, ನಡುವಿನ ಖಾಲಿ ಜಾಗಗಳೂ ಸೇರಿ, 18 ಸಂಖ್ಯೆಗಳಾಗಿ ಬಿಚ್ಚಿಕೊಳ್ಳುತ್ತದೆ. ಜಾಗ ಅಳೆದು ಕೊಟ್ಟ ಪ್ರೋಗ್ರಾಮರ್ ಕಂಗಾಲು! 2003ರಲ್ಲಿ ಸೇರಿದ ಬಿಸ್ಮಿಲ್ಲಾಹ್ ಚಿಹ್ನೆ (65021) ಬಿಚ್ಚಿಕೊಳ್ಳುವುದೇ ಇಲ್ಲ. ಅದರೊಳಗೆ ಅಲ್ಲಾಹನ ನಾಮವಿದೆ ಎಂದು ಹುಡುಕುವ ಯಂತ್ರಕ್ಕೆ ತಾನಾಗಿ ತಿಳಿಯದು.

ನಮ್ಮ ಮನೆಗಳಲ್ಲಿ ಉರ್ದು ಕೀಬೋರ್ಡ್ ಬಳಸುವವರೇ ಬಹಳ. ಅವರು ಗಮನಿಸಬೇಕಾದದ್ದು ಒಂದಿದೆ. ಅರಬಿಯ 'ಕಾಫ್' 1603, ಉರ್ದುವಿನದು 1705. ಅರಬಿಯ 'ಯಾ' 1610, ಉರ್ದುವಿನದು 1740. ಪದದ ಆರಂಭದಲ್ಲಿ ಎರಡು ಕಾಫ್‌ಗಳೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಹಾಗಾಗಿ ಉರ್ದು ಕೀಬೋರ್ಡ್‌ನಲ್ಲಿ 'ಕಿತಾಬ್' ಎಂದು ಬರೆದು ಅರಬಿ ಗ್ರಂಥದಲ್ಲಿ ಹುಡುಕಿದಾಗ 'ಇಲ್ಲ' ಎಂಬ ಉತ್ತರ ಬಂದರೆ ಗ್ರಂಥದಲ್ಲಿ ಆ ಪದವಿಲ್ಲ ಎಂದು ತೀರ್ಮಾನಿಸಬೇಡಿ. ಕೀಬೋರ್ಡನ್ನು ಅರಬಿಗೆ ಬದಲಾಯಿಸಿ ಇನ್ನೊಮ್ಮೆ ಹುಡುಕಿ.