ಲೆಕ್ಕ ಕೇಳಿದವನು ಕನ್ನಡದ್ರೋಹಿಯೇ?

ಗಡಿನಾಡ ಗೆಳೆಯರೇ, ಉತ್ಸವಕ್ಕೆ ಪೆಂಡಾಲು, ಶಾಲು, ಹಾರ ಎಲ್ಲ ಬಂತು. ಅನುದಾನ ಎಷ್ಟು ಬಂತು, ಎಲ್ಲಿ ಖರ್ಚಾಯ್ತು ಅಂತ ಕೇಳಿ ನೋಡಿ. "ಒಗ್ಗಟ್ಟು ಒಡೀಬೇಡ" ಅಂತಾರೆ! ಸ್ವಾಮಿ, ಒಗ್ಗಟ್ಟು ಒಡೆಯೋದು ಮುಚ್ಚಿಟ್ಟ ಲೆಕ್ಕ.

ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಕೊಡೋದು ಜನರ ತೆರಿಗೆ ಹಣ. ಅದನ್ನು ಪಡೆದ ಸಂಘ ಸಲ್ಲಿಸಿದ ಹಣ ಬಳಕೆ ಪ್ರಮಾಣಪತ್ರದ ನಕಲನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, 30 ದಿನದೊಳಗೆ ಉತ್ತರ ಕೊಡಬೇಕು. ಮಂಜೇಶ್ವರದಿಂದಲೋ ತಾಳವಾಡಿಯಿಂದಲೋ, ಕನ್ನಡದಲ್ಲೇ ಬರೆಯಿರಿ. ಸೊಲ್ಲಾಪುರ, ಜತ್ತ ಕಡೆಯವರು ಧರ್ಮಾದಾಯ ಆಯುಕ್ತರ ಕಚೇರಿಯಲ್ಲೂ ವಿಚಾರಿಸಿ. ನೋಂದಾಯಿತ ಟ್ರಸ್ಟುಗಳ ಲೆಕ್ಕಪತ್ರ ಅಲ್ಲಿಗೆ ಸಲ್ಲಬೇಕು.

ಸಂಘದವರೆಲ್ಲ ಕಳ್ಳರಲ್ಲ. ಸ್ವಂತ ಕೈಯಿಂದ ಹಣ ಹಾಕಿ ಕನ್ನಡ ಶಾಲೆ ಉಳಿಸಿಕೊಂಡ ಹಿರಿಯರಿದ್ದಾರೆ. ಲೆಕ್ಕ ತೆರೆದಿಟ್ಟರೆ ಮೊದಲು ಮರ್ಯಾದೆ ಹೆಚ್ಚೋದು ಅವರದ್ದೇ.

ಕನ್ನಡ ಮೇಷ್ಟ್ರು ಯಾಕಿಲ್ಲ ಅಂತ ಸರ್ಕಾರಗಳನ್ನು ಪ್ರಶ್ನಿಸುವ ನಾವು, ನಮ್ಮ ಸಂಘದ ಮುಂದೆ ಬಾಯಿ ಮುಚ್ಚಿಕೊಂಡರೆ ನಮ್ಮ ಮಾತಿಗೆ ಬೆಲೆ ಎಲ್ಲಿ? ಈ ವರ್ಷದ ಜಮಾ-ಖರ್ಚು ಸಂಘದ ಬಾಗಿಲಿಗೇ ಅಂಟಿಸಲಿ. ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಿ.