ಲಿಪಿ ನಮ್ಮದು, ಅಳು ಯಾರದು?

ಕ್ರಿಸ್‌ಮಸ್ ಹತ್ತಿರ ಬಂದಾಗ ವಾಡಿಯ ಹುಡುಗನೊಬ್ಬ ಚರ್ಚಿನ ಹಾಡಿನ ಪುಸ್ತಕ ಅಚ್ಚು ಹಾಕಿಸಲು ನನ್ನ ಪ್ರೆಸ್ಸಿಗೆ ಬಂದ. ಪ್ರೂಫ್ ನೋಡಲು ಕೂತರೆ ಅಕ್ಷರ ಕನ್ನಡ, ಹಾಡು ತೆಲುಗು, ನಡುನಡುವೆ ಹಿಂದಿ. ಅವನ ಮನೆಮಾತು ಅಪ್ಪಟ ಕನ್ನಡ. “ಏನಪಾ ಇದು?” ಎಂದೆ. “ಮನಸ್ಸಿಗಿ ಹತ್ತೋ ಹೊಸಾ ಹಾಡು ಕನ್ನಡದಾಗ ಎಲ್ಲಿ ಅವರಿ ಕಾಕಾ?” ಎಂದ. ಕಪಾಳಕ್ಕೆ ಹೊಡೆದಂತಾಯಿತು.

ಅವನೇ ಮೊಬೈಲಿನಲ್ಲಿ ಒಂದು ಆಲ್ಬಮ್ ಕೇಳಿಸಿದ. ಅಮೆರಿಕದ ಕರಿಯರ ಚರ್ಚಿನ ಹಾಡುಗಾರ ಕಿರ್ಕ್ ಫ್ರಾಂಕ್ಲಿನ್‌ನ ‘ಫಾದರ್ಸ್ ಡೇ’, 2023ರದು. ಹೆತ್ತವಳು ಬಿಟ್ಟುಹೋದ ಕೂಸನ್ನು ಗರ್ಟ್ರೂಡ್ ಎಂಬ ವಯಸ್ಸಾದ ಬಂಧು ಸಾಕಿದಳು. ಖಾಲಿ ಡಬ್ಬಿ ಆಯ್ದು ಮಾರಿ ಪಿಯಾನೋ ಕಲಿಸಿದಳು. ತಂದೆ ಎಂದು ತಿಳಿದಿದ್ದವನು ತಂದೆಯಲ್ಲವೆಂದು ಗೊತ್ತಾಗಿ, ನಿಜವಾದ ತಂದೆ ಸಿಕ್ಕಿದ್ದು ಐವತ್ತು ದಾಟಿದ ಮೇಲೆ! ಆ ಸಿಟ್ಟು, ಕ್ಷಮೆ, ದೇವರ ಮುಂದೆ ಮತ್ತೆ ಎದ್ದುನಿಂತ ಬಗೆ, ಇದೇ ಆ ಆಲ್ಬಮ್ಮಿನ ಹಿಂದಿನ ಕತೆ. ಆತ ಹಾಡಿದ್ದು ಯಾರ ಭಾಷೆಯಲ್ಲಿ? ಸಾಕಿದ ಮುದುಕಿಯ ಭಾಷೆಯಲ್ಲಿ. ನೋವಿಗೆ ಎರವಲು ಮಾತು ಒಗ್ಗುವುದಿಲ್ಲ.

ಕನ್ನಡಕ್ಕೆ ಈ ಶಕ್ತಿ ಇಲ್ಲವೇ? 1894ರಲ್ಲಿ ಕನ್ನಡದ ಮಹಾನಿಘಂಟು ಕೊಟ್ಟ ಕಿಟೆಲ್, ಅದಕ್ಕೂ ಮೊದಲು 1862ರಲ್ಲೇ ‘ಕಥಾಮಾಲೆ’ಯಲ್ಲಿ ಯೇಸುವಿನ ಕತೆಯನ್ನು ನಮ್ಮ ಕಾವ್ಯದ ಧಾಟಿಯಲ್ಲಿ ಹಾಡಿದರು. ಜರ್ಮನಿಯಿಂದ ಬಂದ ಪಾದ್ರಿಗೆ ಒಲಿದ ಕನ್ನಡ ವಾಡಿ, ಶಹಾಬಾದಿನಲ್ಲಿ ಹುಟ್ಟಿದವನಿಗೆ ಒಲಿಯದೇ? ಭೀಮೆಯಾಚೆಯ ಕಡಕೋಳ ಮಡಿವಾಳಪ್ಪನವರು ಬದುಕಿನ ಬೇಗೆಯನ್ನೇ ತತ್ವಪದ ಮಾಡಿದರು. ಅವರ ಪರಂಪರೆಯಲ್ಲಿ ಚೆನ್ನೂರ ಜಲಾಲಸಾಹೇಬರೂ ಹಾಡಿದರು. ಏಕತಾರಿ ಯಾರ ಜಾತಿಯನ್ನೂ ಕೇಳಲಿಲ್ಲ. ಸೇಡಂ ತಾಲೂಕಿನ ಮಳಖೇಡವಂತೂ ‘ಕವಿರಾಜಮಾರ್ಗ’ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ!

ಕನ್ನಡದಲ್ಲಿ ಕ್ರೈಸ್ತ ಗೀತೆಗಳಿಲ್ಲವೆಂದಲ್ಲ. ಹಳೆಯ ಗೀತೆಗಳು ಇಂದಿಗೂ ಆರಾಧನೆಯಲ್ಲಿವೆ. ಆದರೆ ಗಣಿಯ ಧೂಳು ಕುಡಿದವನ, ಕುಡಿತ ಬಿಟ್ಟು ಮನೆಗೆ ಮರಳಿದವನ, ಚಿಂಚೋಳಿಯಿಂದ ಗುಳೆ ಹೋದವಳ ಇಂದಿನ ಹಾಡು ಎಲ್ಲಿ?

ತಪ್ಪು ಚರ್ಚಿನವರದಷ್ಟೇ ಅಲ್ಲ, ಚಳವಳಿಯವರಾದ ನಮ್ಮದೂ ಹೌದು. ಅಂಗಡಿ ಬೋರ್ಡಿಗೆ ಮಸಿ ಬಳಿದು ಗೆದ್ದೆವೆಂದುಕೊಂಡೆವು. ಪ್ರಾರ್ಥನೆಯ ಭಾಷೆಯನ್ನು ಮಸಿ ಬಳಿದು ಬದಲಿಸಲಾಗದು. ಕನ್ನಡ ಕ್ರೈಸ್ತನನ್ನು ರಾಜ್ಯೋತ್ಸವದ ವೇದಿಕೆಗೆ ಎಷ್ಟು ಸಲ ಕರೆದಿದ್ದೇವೆ? ಅವನ ಹಾಡನ್ನು ನಾವೇ ಕೇಳದಿದ್ದರೆ ಅವನು ಯಾರಿಗಾಗಿ ಬರೆಯಬೇಕು?

ತೆಲುಗು ಹಾಡಿನ ಮೇಲೆ ನನಗೆ ದ್ವೇಷವಿಲ್ಲ. ಸೇಡಂ ದಾಟಿದರೆ ತಾಂಡೂರು. ನೆರೆಯವರ ಹಾಡು ಕಿವಿಗೆ ಬೀಳಲಿ. ಆದರೆ ನಮ್ಮವ್ವನ ಅಳು ನಮ್ಮವ್ವನ ಮಾತಿನಲ್ಲೇ ಇರಲಿ.

ಯುವಕರೇ, ಹಾರ್ಮೋನಿಯಂ ಹಿಡಿಯಿರಿ, ಮೊಬೈಲಿನಲ್ಲೇ ಧ್ವನಿಮುದ್ರಿಸಿ. ಆ ಹುಡುಗನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಸ್ವಂತ ಹತ್ತು ಕನ್ನಡ ಹಾಡು ಬರೆದು ತನ್ನಿ. ಕಾಗದದ ದುಡ್ಡು ಕೊಟ್ಟರೆ ಸಾಕು, ಅಚ್ಚಿನ ಕೂಲಿ ನನಗೆ ಬೇಡ.